ಒಂದು ವರ್ಷ ಚಿಕ್ಕವಳು

ಅಜ್ಜಿ ಸುಳ್ಳು ಹೇಳುತ್ತಿದ್ದಾಳೆಂದು ಸಮೀಕ್ಷೆಗೆ ಬಂದಿದ್ದ ಶು ನಿಂಗ್‌ಗೆ ಗೊತ್ತಾದದ್ದು ಉತ್ತರದಿಂದಲ್ಲ, ಉತ್ತರ ತಡವಾದದ್ದರಿಂದ.

ಗಾನ್ಸುವಿನ ಈ ಬೆಟ್ಟದ ಹಳ್ಳಿಗಳಲ್ಲಿ ವಯಸ್ಸು ಕೇಳಿದರೆ ಮುದುಕರು ತಡವರಿಸುತ್ತಾರೆ. ವರ್ಷಕ್ಕೊಂದು ಪ್ರಾಣಿಯಂತೆ ಸುತ್ತಿ ಬರುವ ಹನ್ನೆರಡರಲ್ಲಿ ಹುಟ್ಟಿದ್ದು ಯಾವ ಪ್ರಾಣಿಯ ವರ್ಷ ಎಂದರೆ ನಿದ್ದೆಗಣ್ಣಲ್ಲೂ ತಪ್ಪುವುದಿಲ್ಲ. ಮನೆಮನೆ ಸಮೀಕ್ಷೆಗೆ ಬಂದವರು ನೆಚ್ಚುವುದು ಅದನ್ನೇ. ಯುಲಿಯಾನ್ ಅಜ್ಜಿ ಮಾತ್ರ ಮೊದಲು ಕಿಟಕಿಯತ್ತ ನೋಡಿದಳು. ಅಂಗಳದಲ್ಲಿ ಗಂಡ ಫಾಂಗ್ ಮುಸುಕಿನ ಜೋಳ ಬಿಡಿಸುತ್ತಿದ್ದ.

"ಕೋತಿ," ಎಂದಳು ಆಮೇಲೆ. ಸ್ವಲ್ಪ ಗಟ್ಟಿಯಾಗಿಯೇ.

"ನಿಮ್ಮಣ್ಣ ಕುದುರೆ ವರ್ಷ, ಮರುವರ್ಷವೇ ನೀವು ಅಂದ್ರಲ್ಲ," ಎಂದಳು ನಿಂಗ್. "ಕುದುರೆ ಆದ್ಮೇಲೆ ಕುರಿ ಅಲ್ವಾ ಅಜ್ಜಿ? ಕೋತಿ ಅದರಾಚೆಗೆ."

ಅಜ್ಜಿ ಎದ್ದು ಕಿಟಕಿ ಮುಚ್ಚಿದಳು.

"ಮೆಲ್ಲಗೆ ಮಾತಾಡೇ ತಾಯಿ! ಕುರಿ ವರ್ಷದ ಹೆಣ್ಣು ಕಾಲಿಟ್ಟ ಮನೆ ಉದ್ಧಾರ ಆಗಲ್ಲ ಅಂತಾರೆ. ಗೊತ್ತಾಗಿದ್ರೆ ನಮ್ಮತ್ತೆ ಹೊಸಿಲು ದಾಟಿಸ್ತಿರ್ಲಿಲ್ಲ. ಮದುವೆ ದಲ್ಲಾಳಿ ಹೌ ನನ್ನ ಒಂದು ವರ್ಷ ಚಿಕ್ಕೋಳು ಮಾಡಿ ತಳ್ಳಿದ್ಲು. ಬಾಯಿ ತೆಗೆಯೋಕೂ ಕಾಣಿಕೆ ಕೇಳ್ತಿದ್ದೋಳು, ನಮಗೆ ಮಾತ್ರ ಬಿಟ್ಟಿ! ನಮ್ಮಪ್ಪನ ಹತ್ರ ಕೊಡೋಕೆ ಮೊಟ್ಟೇನೂ ಇರ್ಲಿಲ್ಲ ಬಿಡು. ಆದ್ರೂ ಸಂಬಂಧ ಕುದುರಿದ ವಾರ ಅತ್ತೆಯ ಎರಡು ಕೋಳಿ ಕಳೆದ್ವು ನೋಡು, ಅದಕ್ಕೂ ನನ್ನ ಕಾಲ್ಗುಣಾನೇ ಅಂದ್ಲು."

"ತಾತನಿಗೆ ಇವತ್ತಿಗೂ ಗೊತ್ತಿಲ್ವಾ?"

"ಗೊತ್ತಾದ್ರೆ ಸತ್ತ ಕತ್ತೆ, ಕುಸಿದ ಗೋಡೆ, ಅವನ ಮೊಣಕಾಲು ನೋವು ಎಲ್ಲಾ ನನ್ನ ತಲೆಗೇ! ಇಷ್ಟು ಬಾಳಿ, ಈಗ ಮೋಸಗಾತಿ ಅನ್ನಿಸ್ಕೊಳ್ಳಲಾ? ಪಾಪ, ಅವನಿಗೆ ಲೆಕ್ಕ ಬರಲ್ಲ. ನಮ್ಮ ಪ್ರಾಣಿಯ ವರ್ಷ ಬಂದಾಗ ಕೇಡು ತಟ್ಟದಿರಲಿ ಅಂತ ಕೆಂಪು ನಡುಪಟ್ಟಿ ಕಟ್ತೀವಲ್ಲ, ನನಗೆ ಅದನ್ನ ಪ್ರತಿ ಸಲ ಒಂದು ವರ್ಷ ಮುಂಚೇನೇ ತಂದ್ಬಿಡ್ತಾನೆ, ಮಂಕ. ಆಗೆಲ್ಲ ನನ್ನೆದೆ ಡವಡವ."

ಅಜ್ಜಿ ಅಡುಗೆಮನೆಗೆ ಹೋದಳು, ನಿಂಗ್ ಅಂಗಳಕ್ಕೆ. ಒಬ್ಬರ ಪ್ರಾಣಿಯನ್ನು ಇನ್ನೊಬ್ಬರ ಬಾಯಿಂದ ಕೇಳಿ ತಾಳೆ ನೋಡಬೇಕೆಂಬುದು ಸಮೀಕ್ಷೆಯ ನಿಯಮ. ಈ ಸಲ ಅದಕ್ಕೆ ನಾಲಿಗೆ ಏಳಲಿಲ್ಲ. ಆದರೂ ಕೇಳಿದಳು. ಒಳಗೆ ಪಾತ್ರೆಗಳ ಸದ್ದು ನಿಂತಿತು.

"ನನ್ನ ಹೆಂಡ್ತೀನಾ?" ಮುದುಕ ಅಡುಗೆಮನೆಗೆ ಮುಟ್ಟುವಂತೆ ಕೂಗಿದ. "ಕೋತಿ! ಮುಖ ನೋಡಿದ್ರೆ ಗೊತ್ತಾಗಲ್ವಾ?"

ಪಾತ್ರೆಗಳು ಮತ್ತೆ ಸದ್ದು ಮಾಡಿದವು. ಮುದುಕ ತೆನೆ ಕೆಳಗಿಟ್ಟು ನಿಂಗ್ ಕಡೆಗೆ ಬಗ್ಗಿದ.

"ಕುರಿ ಅಂತ ಬರ್ಕೊಳ್ಳಮ್ಮ. ಕೋತಿ ಮಾಡು ಅಂತ ಆ ಹೌಗೆ ನಮ್ಮವ್ವನ ಕೋಳಿ ಕದ್ದು ಕೊಟ್ಟೋನು ನಾನೇ."