ಒಡ್ಡು ಕಟ್ಟಿದವರು

“ಒಡ್ಡು ಯಾರು ಕಟ್ಟಿದ್ದು ಅಂತ ಆ ಮೇಡಂ ಕೇಳಿದ್ರೆ ಏನ್ ಹೇಳ್ತೀ?”

“ಸಾವ್ಕಾರ್ರೇ ಕಟ್ಟಿಸಿದ್ದು ಅಂತೀನಿ,” ಎಂದಳು ದೇವೀರಮ್ಮ.

“ಮತ್ತೆ ಲೈನಿನವರು?”

“ಸುಮ್ನೆ ನೋಡ್ತಾ ನಿಂತಿದ್ವಿ ಅಂತೀವಿ.”

ಬಸವಪ್ರಸಾದರಿಗೆ ತುಸು ನಿರಾಶೆಯೇ ಆಯಿತು. ಇವಳನ್ನು ಒಪ್ಪಿಸಲೆಂದು ಎರಡು ಬೆದರಿಕೆ, ಒಂದು ಆಮಿಷ, ಅರ್ಧ ಗಂಟೆಯ ಉಪದೇಶ ಸಿದ್ಧಮಾಡಿಕೊಂಡು ಬಂದಿದ್ದರು. ಯಾವುದೂ ಖರ್ಚಾಗಲಿಲ್ಲ.

ಸಂಸೆಯ ಮೇಲಿನ ಗುಡ್ಡದಲ್ಲಿ ಅವರದು ಎಂಬತ್ತು ಎಕರೆ ಕಾಫಿ ತೋಟ. ಅದಕ್ಕಿಂತ ದೊಡ್ಡ ಗುರುತೆಂದರೆ, ಅವರು ಊರಿನ ಸುಸ್ಥಿರ ಅಭಿವೃದ್ಧಿ ಸಮಿತಿಯ ಅಧ್ಯಕ್ಷರು. ಸಮಿತಿ ನಾಲ್ಕು ವರ್ಷದಲ್ಲಿ ಹನ್ನೊಂದು ಸಭೆ ನಡೆಸಿತ್ತು. ಪ್ಲಾಸ್ಟಿಕ್ ಬೇಡವೆಂದು ಪ್ಲಾಸ್ಟಿಕ್ ಬ್ಯಾನರ್ ಕಟ್ಟಿತ್ತು. ಪ್ರತಿ ಪರಿಸರ ದಿನವೂ ಅದೇ ಗುಂಡಿಯಲ್ಲಿ ಹೊಸ ಸಸಿ ನೆಟ್ಟಿತ್ತು. ವರ್ಷವರ್ಷದ ಫೋಟೋ ಇಟ್ಟು ನೋಡಿದರೆ ಗುಂಡಿ ಚೆನ್ನಾಗಿ ಬೆಳೆದಿತ್ತು.

ತೋಟದ ಲೈನ್ ಮನೆಗಳ ಕೂಲಿಯವರು ಮಾತ್ರ ಯಾವ ಸಮಿತಿಯನ್ನೂ ಮಾಡಿಕೊಂಡಿರಲಿಲ್ಲ. ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲವೆಂದು ಅಧ್ಯಕ್ಷರನ್ನು ಮೂರು ಸಲ ಕೇಳಿದರು. ಅಧ್ಯಕ್ಷರು ಮೂರು ಸಲವೂ ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ನಾಲ್ಕನೆಯ ಸಲ ಲೈನಿನವರು ಕೇಳಲಿಲ್ಲ. ಹದಿನೆಂಟು ಮನೆಯವರು ದೇವೀರಮ್ಮನ ಹಿಂದೆ ಪ್ರತಿ ಭಾನುವಾರ ಗುಡ್ಡ ಹತ್ತಿದರು. ಹಳ್ಳಕ್ಕೆ ಕಲ್ಲಿನ ಒಡ್ಡು ಕಟ್ಟಿ, ಪೈಪು ಎಳೆದು, ಮನೆ ಬಾಗಿಲಿಗೆ ನೀರು ತಂದುಕೊಂಡರು. ಮಿಕ್ಕ ನೀರಿಗೆ ಹಿತ್ತಲಲ್ಲಿ ಬೆಂಡೆ, ಬಸಳೆ ಎದ್ದವು.

ಲೈನಿನ ಕಡೆ ಕಾಲಿಡದ ಬಸವಪ್ರಸಾದರಿಗೆ ಇದು ಕಂಡದ್ದು ನಿನ್ನೆ. ಹತ್ತು ದಿನ ಚಿಕ್ಕಮಗಳೂರಿನಲ್ಲಿದ್ದು, ಹಳ್ಳಿಗಳ ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡಿ ಮರಳಿದ್ದರು. ‘ಮಾದರಿ ಗ್ರಾಮ’ ಪ್ರಶಸ್ತಿಗೆ ಅರ್ಜಿ ಹಾಕಿದ್ದರಿಂದ ಬುಧವಾರ ಯಾರೋ ಮೇಡಂ ಮುಂದಾಳತ್ವದಲ್ಲಿ ಆಯ್ಕೆ ಸಮಿತಿಯವರು ಬರುವವರಿದ್ದರು. ತೋರಿಸಲು ಏನಾದರೂ ಸಿಕ್ಕೀತೆಂದು ಹುಡುಕುತ್ತ ಹೋದವರಿಗೆ ಒಡ್ಡೇ ಸಿಕ್ಕಿತು. ಸಂಜೆಯೇ ಅದರ ಮುಂದೆ ನಿಂತು ಫೋಟೋ ತೆಗೆಸಿ ಕಳಿಸಿಬಿಟ್ಟರು.

ಬುಧವಾರ ಹತ್ತು ಗಂಟೆಗೆ, ಸಾದಾ ಚೂಡಿದಾರ್ ತೊಟ್ಟ ಹೆಂಗಸೊಬ್ಬರು ಜೀಪನ್ನು ಕೆಳಗೆ ರಸ್ತೆಯಲ್ಲೇ ಬಿಟ್ಟು ನಡೆದು ಬಂದರು. ಎಂಥ ಸರಳತೆ ಎಂದು ಬಸವಪ್ರಸಾದರು ಮೆಚ್ಚಿಕೊಂಡರು.

“ನಾನು ನಾಗಶ್ರೀ. ಹಳ್ಳದ ಒಡ್ಡಿನ ವಿಷಯಕ್ಕೆ…”

“ಗೊತ್ತು ಮೇಡಂ, ನಿಮ್ಮನ್ನೇ ಕಾಯ್ತಾ ಇದ್ದೆ. ಮೊದ್ಲು ಕಾಫಿ!”

“ಕಾಯ್ತಾ ಇದ್ರಾ?” ನಾಗಶ್ರೀಗೆ ಆಶ್ಚರ್ಯವಾಯಿತು.

ಕಾಫಿ ಮುಗಿಸಿ ಗುಡ್ಡ ಹತ್ತಿದರು. ಲೈನಿನವರೆಲ್ಲ ಹಿಂದೆ ಬಂದರು. ಬೇಲಿ ದಾಟುವಾಗ ನಾಗಶ್ರೀ ನಿಂತರು. “ನಿಮ್ಮ ತೋಟದ ಗಡಿ ಇಲ್ಲಿಗೇ ಮುಗೀತಲ್ವಾ?”

“ಗಡಿ ಜಮೀನಿಗೆ ಮೇಡಂ, ಸೇವೆಗಲ್ಲ.”

ನಾಗಶ್ರೀ ಬರೆದುಕೊಂಡರು. ಮಾತು ತಪ್ಪಿಹೋಗದಿರಲೆಂದು ಬಸವಪ್ರಸಾದರು ನಿಧಾನವಾಗಿ ಇನ್ನೊಮ್ಮೆ ಹೇಳಿದರು.

ನಾಗಶ್ರೀ ಒಡ್ಡನ್ನು ಟೇಪು ಹಿಡಿದು ಅಳೆದರು. ನಾಲ್ಕೂ ಕಡೆಯಿಂದ ಫೋಟೋ ತೆಗೆದರು. ಕಲ್ಲಿಗೆ ಅಡ್ಡಲಾಗಿ ಕೊಟ್ಟಿದ್ದ ಮರದ ದಿಮ್ಮಿ ತೋರಿಸಿ, “ಈ ದಿಮ್ಮಿ ಎಲ್ಲೀದು?” ಎಂದರು.

ಬಿದ್ದ ಮರದ್ದು ಎನ್ನಲು ದೇವೀರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅಧ್ಯಕ್ಷರು ಎದೆಯುಬ್ಬಿಸಿದ್ದರು. “ಇಲ್ಲೇ ಮೇಲೆ, ನಾನೇ ನಿಂತು ಕಡಿಸಿದ್ದು.”

ದೇವೀರಮ್ಮ ಬಾಯಿ ಮುಚ್ಚಿದಳು.

“ಹಾಗಾದ್ರೆ ಈ ಜನ ಯಾರೂ ಕೈ ಹಾಕಿಲ್ವಾ?”

“ಇವರಿಗೇನ್ ಗೊತ್ತಾಗ್ತದೆ ಮೇಡಂ? ತಲೆಯೂ ನಂದೇ, ಖರ್ಚೂ ನಂದೇ.”

“ಹೌದಾ ದೇವೀರಮ್ಮ?”

“ಸಾವ್ಕಾರ್ರು ಸುಳ್ಳು ಹೇಳೋರಲ್ಲ,” ಎಂದು ದೇವೀರಮ್ಮ ನೆಲ ನೋಡಿದಳು. ಹದಿನೆಂಟೂ ಮನೆಯವರು ಒಟ್ಟಿಗೆ ತಲೆಯಾಡಿಸಿದರು. ಇಂಥ ನಿಷ್ಠೆಯನ್ನು ಬಸವಪ್ರಸಾದರು ನಿರೀಕ್ಷಿಸಿರಲಿಲ್ಲ. ಬರುವ ದೀಪಾವಳಿಗೆ ಇವರಿಗೆಲ್ಲ ಅರ್ಧರ್ಧ ಕೆ.ಜಿ. ಸ್ವೀಟ್ ಕೊಡಬೇಕೆಂದುಕೊಂಡರು.

“ನೀವು ಹೇಳಿದ್ದನ್ನೆಲ್ಲ ಬರೆದಿದ್ದೀನಿ. ಓದಿ ಸಹಿ ಹಾಕಿ ಸರ್.”

“ಓದೋದೆಂತಕ್ಕೆ? ನಿಮ್ಮ ಮೇಲೆ ನಂಬಿಕೆ ಇಲ್ವಾ?” ನಾಗಶ್ರೀ ಮೂರು ಕಡೆ ತೋರಿಸಿದರು, ಬಸವಪ್ರಸಾದರು ಮೂರೂ ಕಡೆ ಅಂದವಾಗಿ ಸಹಿ ಹಾಕಿದರು. ‘ಅಧ್ಯಕ್ಷರು’ ಎಂದೂ ಸೇರಿಸಿದರು.

ಆಗಲೇ ಅವರ ಫೋನು ಬಡಿದುಕೊಂಡಿತು.

“ಸರ್, ನಾವು ಪ್ರಶಸ್ತಿ ಆಯ್ಕೆ ಸಮಿತಿಯವರು. ಈಗಷ್ಟೇ ಕೊಟ್ಟಿಗೆಹಾರ ತಲುಪಿದ್ವಿ. ತಿಂಡಿ ಮುಗಿಸಿ ಹೊರಡ್ತೀವಿ. ತಡ ಆಯ್ತು, ಬೇಜಾರಾಗ್ಬೇಡಿ.”

ಬಸವಪ್ರಸಾದರು ಫೋನನ್ನು ಕಿವಿಗೆ ಹಿಡಿದೇ ನಾಗಶ್ರೀಯತ್ತ ತಿರುಗಿದರು.

“ಮೀಸಲು ಅರಣ್ಯದೊಳಗೆ ಒಡ್ಡು ಕಟ್ಟಿದ್ದು ಯಾರು ಅಂತ ಒಂದು ವಾರದಿಂದ ಇವರನ್ನ ಕೇಳ್ತಾನೇ ಇದ್ದೆ ಸರ್, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ,” ಎಂದು ವಲಯ ಅರಣ್ಯಾಧಿಕಾರಿ ನಾಗಶ್ರೀ ಕಾಗದ ಮಡಿಸಿಕೊಂಡರು.