ಹನ್ನೊಂದನೆಯ ಪ್ರಶ್ನೆಗೆ ಪೂರ್ತಿ ಅಂಕ

ಬೇಸಿಗೆ ಮುಗಿಯುವ ಕಾಲ. ಮೋಡ ಕಟ್ಟಿ ಗಾಳಿ ಸತ್ತುಹೋಗಿದ್ದ ಒಂದು ಸೋಮವಾರ, ಇನ್ನೂ ಬೆಳಕು ಹರಿದಿರಲಿಲ್ಲ. ಕೊಳದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕೊಳದಕ್ಕ ಟಾರ್ಚು ಹಾಕಿ ನೋಡಿದಳು. ಇಪ್ಪತ್ತೆರಡು ವರ್ಷದಿಂದ ಆ ಕೊಳ ಕಾದವಳು; ನೀರಿನಲ್ಲಿ ಉಸಿರು ತೀರಿದೆಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೀರಿಗೆ ಗಾಳಿ ಊಡುವ ಚಕ್ರ ತಿರುಗಿಸಬೇಕು, ಈಗಿಂದೀಗಲೇ. ಆದರೆ ಸ್ವಿಚ್ಚಿನ ಕೋಣೆಗೆ ಹೊಸ ಬೀಗ. ಬೀಗದ ಕೈ ಕೊಳದ ಯಜಮಾನರ ಅಳಿಯಂದಿರ ಜೇಬಿನಲ್ಲಿ.

ಅಳಿಯಂದಿರು ಎಂಟು ತಿಂಗಳಿಂದ ಮೀನು ಸಾಕಣೆ ಕಲಿಯುತ್ತಿದ್ದರು, ಕಾಲು ಒದ್ದೆ ಮಾಡಿಕೊಳ್ಳದೆ. ಪಾಠ ಹೇಳುವವರು ಸಮುದ್ರದಾಚೆ, ಕೇಳುವವರು ಕಂಪ್ಯೂಟರಿನ ಮುಂದೆ. ಅಲ್ಲಿಯವರ ಮಧ್ಯಾಹ್ನ ಇಲ್ಲಿಗೆ ಕೋಳಿ ಕೂಗುವ ಹೊತ್ತು. ಅಂದು ಕೊನೆಯ ಪರೀಕ್ಷೆ.

ಕೊಳದಕ್ಕ ಬಿದ್ದೆನೋ ಎದ್ದೆನೋ ಎಂದು ಆಫೀಸಿಗೆ ಓಡಿದಳು. ಗಾಜಿನ ಕಿಟಕಿಯಾಚೆ ಅಳಿಯಂದಿರು ಕೂತಿದ್ದರು. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಚಡ್ಡಿ. ಬಾಗಿಲಿಗೆ ಅಡ್ಡವಾಗಿ ಅವರ ಹೆಂಡತಿ ನಿಂತಿದ್ದಳು.

"ಅಮ್ಮಾವ್ರೇ, ಬೀಗದ ಕೈ ಕೊಡಿಸಿ. ಮೀನು ಸಾಯ್ತಾ ಇದಾವೆ."

"ಶ್! ಮೆತ್ತಗೆ ಮಾತಾಡೇ. ಇನ್ನೊಬ್ರ ದನಿ ಕೇಳಿದ್ರೆ ಪರೀಕ್ಷೆ ರದ್ದಂತೆ. ಅವರು ಕಣ್ಣು ಅತ್ತಿತ್ತ ಹೊರಳಿಸೋ ಹಾಗೂ ಇಲ್ಲ. ಮುಕ್ಕಾಲು ಗಂಟೆ ತಡ್ಕೋ."

"ನಾನು ತಡ್ಕೊಳ್ತೀನಿ ತಾಯಿ. ಈ ಮಾತನ್ನ ನೀವೇ ಬಂದು ಮೀನಿಗೆ ಹೇಳಿ."

ಯಜಮಾನರ ಮಗಳು ಮುಖ ತಿರುಗಿಸಿದಳು. ಕೊಳದಕ್ಕ ಹತ್ತು ನಿಮಿಷ ಕಾದಳು. ಆಮೇಲೆ ದಂಡೆಯ ಕಲ್ಲೊಂದನ್ನು ಎತ್ತಿಕೊಂಡು ಹೋಗಿ ಬೀಗ ಕುಟ್ಟತೊಡಗಿದಳು. ಬೀಗವೂ ಅಳಿಯಂದಿರ ಆಯ್ಕೆ, ಗಟ್ಟಿ ಮಾಲು. ಅದು ಬಾಯಿ ಬಿಟ್ಟು ಚಕ್ರ ತಿರುಗುವಷ್ಟರಲ್ಲಿ ಬೆಳಕು ಹರಿದಿತ್ತು, ಅರ್ಧ ಕೊಳ ಬೆಳ್ಳಗೆ ಹೊಟ್ಟೆ ತೋರಿಸುತ್ತ ತೇಲುತ್ತಿತ್ತು. ಮುಂದಿನ ವಾರ ಬಲೆ ಎಳೆಯಬೇಕಿದ್ದ ಮೀನು.

ಸುದ್ದಿ ಕೇಳಿ ಯಜಮಾನರು ಓಡಿಬಂದರು. ಅದೇ ಹೊತ್ತಿಗೆ ಅಳಿಯಂದಿರೂ ಹೊರಬಂದರು, ಮುಖ ಊರಗಲ.

"ಮಾವಾ, ನೂರಕ್ಕೆ ತೊಂಬತ್ತೆಂಟು!" ಎಂದವರು ನೀರು ನೋಡಿ ಗಂಟಲು ಸರಿಮಾಡಿಕೊಂಡರು. "ನೋಡಿ, ಹನ್ನೊಂದನೇ ಪ್ರಶ್ನೆ ಇದೇ ಬಂದಿತ್ತು. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಮೊದಲು ಏನು ಮಾಡಬೇಕು ಅಂತ."

"ಏನಂತ ಬರೆದ್ರಿ, ಅಳಿಯಂದ್ರೇ?" ಎಂದಳು ಕೊಳದಕ್ಕ.

"ಒಂದು ನಿಮಿಷವೂ ತಡಮಾಡದೆ ಚಕ್ರ ತಿರುಗಿಸಬೇಕು ಅಂತ. ಪೂರ್ತಿ ಅಂಕ."

ಯಜಮಾನರು ಮೀನುಗಳನ್ನು ನೋಡಿದರು. ಅಳಿಯನನ್ನು ನೋಡಿದರು. ಮಗಳ ಮುಖವನ್ನೂ ಒಮ್ಮೆ ನೋಡಿದರು. ಏನಾದರೂ ಹೇಳಲೇಬೇಕಿತ್ತು.

"ಈ ಬೀಗ ಒಡೆದವರು ಯಾರು?" ಎಂದು ಗದರಿದರು.

ಬುಧವಾರ ಬೆಳಿಗ್ಗೆ, ಉಳಿದ ಮೀನಿಗೆ ಮೇವು ಹಾಕಿ, ಕೊಳದಕ್ಕ ಕೆಲಸ ಬಿಟ್ಟು ಹೊರಟುಹೋದಳು.