ಐದನೆಯ ಪಾಲು

"ನಾಲ್ಕರಲ್ಲಿ ಒಂದು ದೊಡ್ಡದೋ, ಐದರಲ್ಲಿ ಒಂದು ದೊಡ್ಡದೋ?"

ಪುಷ್ಪ ಟೀಚರ್ ಕೇಳಿದ್ದೇ ತಡ, ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಉಸಿರಿಗೆ "ಐದರಲ್ಲಿ ಒಂದು!" ಎಂದು ಕೂಗಿದರು. ನಾಲ್ಕಕ್ಕಿಂತ ಐದು ದೊಡ್ಡದಲ್ಲವೇ, ಮತ್ತೆಂತ ಕೇಳುವುದು! ಟೀಚರ್ ಹಣೆ ಚಚ್ಚಿಕೊಂಡರು. ಗಂಟೆ ಹತ್ತೂವರೆ. ಹನ್ನೊಂದಕ್ಕೆ ಪ್ರೇಮಾನಂದ ಸರ್ ಬರುತ್ತಾರೆ. ಶಾಲೆ ಶಾಲೆ ತಿರುಗಿ ಮಕ್ಕಳ ಕಲಿಕೆ ನೋಡಿ ವರದಿ ಬರೆಯುವ ಸಿ.ಆರ್.ಪಿ. ಹೋದ ಸಲ ಬಂದವರು ಸಂದರ್ಶನ ಪುಸ್ತಕದಲ್ಲಿ 'ಭಿನ್ನರಾಶಿ: ಏನೂ ಬರುವುದಿಲ್ಲ' ಎಂದು ಬರೆದು, 'ಏನೂ' ಎಂಬುದರ ಅಡಿಗೆ ಎರಡು ಗೆರೆ ಎಳೆದು ಹೋಗಿದ್ದರು. ಆ ಎರಡು ಗೆರೆ ಟೀಚರ ಕಣ್ಣಿಗೆ ಇನ್ನೂ ಚುಚ್ಚುತ್ತಿದ್ದವು. ನಿನ್ನೆ ಮನೆಯಿಂದ ನೀರುದೋಸೆ ತಂದು ಹರಿದು ತೋರಿಸಿದ್ದೂ ಆಯಿತು. ದೋಸೆ ಮಕ್ಕಳ ಹೊಟ್ಟೆಗೆ ಹೋಯಿತು, ಲೆಕ್ಕ ತಲೆಗೆ ಹತ್ತಲಿಲ್ಲ.

ಇವತ್ತು ಮೀನು ಹಿಡಿದರು. ಬ್ರಹ್ಮಾವರದ ಅವರ ಮನೆಯೊಳಗೆ ಮೀನು ತರುವ ರೂಢಿಯೇ ಇಲ್ಲ. ಆದರೂ ಕಡಲ ಬದಿಯ ಈ ಬೀಜಾಡಿಯ ಮಕ್ಕಳಿಗೆ ಮೀನೇ ಸರಿ ಎಂದು ಬೋರ್ಡಿನ ಮೇಲೆ ಒಂದು ರಾಶಿ ಬಂಗುಡೆ, ಪಕ್ಕದಲ್ಲಿ ಒಂದು ದೋಣಿ, ಅದರಲ್ಲಿ ನಾಲ್ಕು ಜನರನ್ನು ಬರೆದರು. ಬಂಗುಡೆಗಳು ಬದನೆಕಾಯಿಯ ಹಾಗೆ ಕಂಡವು.

"ದೋಣಿಯಲ್ಲಿ ಹೋದವರು ನಾಲ್ಕು ಜನ. ಈ ರಾಶಿಯನ್ನು ಸಮ ಪಾಲು ಮಾಡಿದರೆ ಒಬ್ಬರಿಗೆ ಎಷ್ಟು? ನಿಖಿತಾ, ಕಿಟಕಿ ಆಮೇಲೆ ನೋಡು. ಹೇಳು."

ಬೆಳಗ್ಗಿನಿಂದ ಕಡಲ ಕಡೆಗೇ ಕತ್ತು ತಿರುಗಿಸಿ ಕೂತಿದ್ದ ನಿಖಿತಾ ಎದ್ದಳು. "ಐದ್ರಗೆ ಒಂದ್, ಟೀಚರ್."

"ಹೋದವರು ನಾಲ್ಕು ಜನ ಮಾರಾಯ್ತಿ! ಐದು ಎಲ್ಲಿಂದ ಬಂತು?"

"ಹೋದ್ದ್ ನಾಕೇ ಜನ. ಪಾಲ್ ಐದ್. ನಮ್ಮ್ ಅಪ್ಪಯ್ಯಂಗೆ ಹೋಪುಕ್ ಆತಿಲ್ಲೆ ಅಲ್ದಾ?"

ಟೀಚರಿಗೆ ಆಗ ನೆನಪಾಯಿತು. ಇವಳ ಅಪ್ಪ ಗುಣಪಾಲ, ಎರಡು ತಿಂಗಳ ಹಿಂದೆ ದೋಣಿಯನ್ನು ದಡಕ್ಕೆ ಎಳೆಯುವಾಗ ಅದರ ಅಡಿಗೆ ಸಿಕ್ಕಿ ಕಾಲು ಮುರಿದುಕೊಂಡು ಮಲಗಿದವನು. ಆ ದೋಣಿಯವರದ್ದು ಹಿಂದಿನಿಂದ ಬಂದ ಒಂದು ನಡೆ ಇದೆ: ಸೌಖ್ಯವಿಲ್ಲದೆ ಮಲಗಿದವನ ಪಾಲನ್ನೂ ಉಳಿದವರ ಪಾಲಿನ ಜೊತೆಗೇ ದಡದ ಮರಳಿನಲ್ಲಿ, ಹೊಯಿಗೆಯ ಮೇಲೆ ಹಾಕಬೇಕು. ಆ ಐದನೆಯ ರಾಶಿಯನ್ನು ನಿಖಿತಾಳ ತಾಯಿ ಸರೋಜ ಬುಟ್ಟಿಗೆ ತುಂಬಿ, ಮನೆ ಮನೆ ತಿರುಗಿ ಮಾರಿ ಬಂದರೆ ಅವರ ಒಲೆಯ ಮೇಲೆ ಗಂಜಿ. ಇಲ್ಲವಾದರೆ ಬರೀ ನೀರು.

"ಎಷ್ಟು ದಿನ ಹೀಗೆ ಕೊಡ್ತಾರೆ?" ಕೇಳಬಾರದಿತ್ತು, ಬಾಯಿ ತಪ್ಪಿ ಕೇಳಿಬಿಟ್ಟರು.

"ಗೊತ್ತಿಲ್ಲೆ ಟೀಚರ್. ರಾಜೀವ ಮಾವ ನಿನ್ನೆ ಮನಿಗ್ ಬಂದಿರ್. ನಾಳಿಂದ ಕಾಂಬ ಅಂದೇಳಿ ಹೇಳಿರ್."

ರಾಜೀವ ದೋಣಿಯ ಯಜಮಾನ. ನಮ್ಮ ಕಡೆ ಯಜಮಾನರು 'ಕಾಂಬ', ಅಂದರೆ ನೋಡೋಣ, ಎಂದರೆ ಮುಕ್ಕಾಲು ಪಾಲು ಇಲ್ಲವೆಂದೇ ಲೆಕ್ಕ. ಉಳಿದ ಕಾಲು ಪಾಲನ್ನು ನಂಬಿ ನಿಖಿತಾ ಮತ್ತೆ ಕಿಟಕಿಯತ್ತ ತಿರುಗಿದಳು. ಪಕ್ಕದಲ್ಲಿ ಕೂರುವ ಗೆಳತಿ, ರಾಜೀವನ ಮಗಳು ನವ್ಯಶ್ರೀ, ಇನ್ನೂ ಬಂದಿರಲಿಲ್ಲ.

"ಅದೆಲ್ಲ ಸರಿ ಮಗಾ," ಟೀಚರ್ ದನಿ ತಗ್ಗಿಸಿದರು. "ಆದರೆ ಪುಸ್ತಕದ ಲೆಕ್ಕದಲ್ಲಿ ಮಲಗಿದವರನ್ನು ಹಿಡಿಯುವುದಿಲ್ಲ. ಸರ್ ಕೇಳಿದರೆ ನಾಲ್ಕು ಅನ್ನು, ಆಯ್ತಾ?"

ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು.

ಪ್ರೇಮಾನಂದ ಸರ್ ಒಳಗೆ ಬಂದವರೇ ಬೋರ್ಡ್ ನೋಡಿದರು. "ಇದೆಂತ ಟೀಚರ್, ಬದನೆಕಾಯಿಯಾ?"

"ಬಂಗುಡೆ ಸರ್."

"ಅಡ್ಡಿಲ್ಲ, ಅಡ್ಡಿಲ್ಲ. ಮಕ್ಕಳಿಗೆ ಗೊತ್ತಿರುವ ಉದಾಹರಣೆಯೇ ಬೇಕು." ಅವರು ಕುರ್ಚಿ ಎಳೆದು ಕೂರುವಷ್ಟರಲ್ಲಿ ನವ್ಯಶ್ರೀ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತಳು. ಕಾಲ ತುಂಬ ಹೊಯಿಗೆ. "ಓಹೋ, ತಡವಾಗಿ ಬಂದವಳೇ ಮೊದಲು ಹೇಳಲಿ. ದೋಣಿಯಲ್ಲಿ ಹೋದವರು ನಾಲ್ಕು ಜನ, ಮೀನು ಒಂದು ರಾಶಿ. ಒಬ್ಬರಿಗೆ ಎಷ್ಟು?"

ನವ್ಯಶ್ರೀ ಬೋರ್ಡಿನ ಕಡೆ ನೋಡಲೇ ಇಲ್ಲ. "ನಾಕ್ರಗೆ ಒಂದ್, ಸರ್. ಈಗ ಕಂಡ್ಕಂಡೇ ಬಂದೆ. ಅಪ್ಪಯ್ಯ ಇವತ್ತ್ ನಾಕೇ ಪಾಲ್ ಹಾಕಿರ್."

"ವೆರಿ ಗುಡ್! ಎಲ್ಲರೂ ಚಪ್ಪಾಳೆ!"

ಮಕ್ಕಳು ಚಪ್ಪಾಳೆ ತಟ್ಟಿದರು. ನವ್ಯಶ್ರೀ ತಲೆ ತಗ್ಗಿಸಿಕೊಂಡು ಬಂದು, ದಿನಾ ಕೂರುವ ಜಾಗ ಬಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಟೀಚರ ಕಣ್ಣು ನಿಖಿತಾಳ ಮೇಲೆ ಹೋಯಿತು.

ಸರ್‌ಗೆ ಹುರುಪು ಬಂದಿತ್ತು. "ಈಗ ಕಷ್ಟದ್ದು. ಹೋದ ಸಲ ಒಬ್ಬರೂ ಹೇಳಲಿಲ್ಲ. ನಾಲ್ಕರಲ್ಲಿ ಒಂದು ದೊಡ್ಡದೋ, ಐದರಲ್ಲಿ ಒಂದು ದೊಡ್ಡದೋ? ಕಿಟಕಿ ಬದಿಯವಳು ಹೇಳಲಿ."

"ಸರ್, ಅವಳೊಬ್ಬಳನ್ನು ಬಿಡಿ..." ಟೀಚರ್ ಅಡ್ಡ ಬಂದರು.

"ಯಾಕೆ ಬಿಡುವುದು? ಬರುವುದಿಲ್ಲವಾ?"

ನಿಖಿತಾ ಆಗಲೇ ಎದ್ದು ನಿಂತಿದ್ದಳು. ಈಗ ಅವಳು ಕಿಟಕಿಯ ಕಡೆ ನೋಡುತ್ತಿರಲಿಲ್ಲ.

"ನಾಕ್ರಗೆ ಒಂದ್ ದೊಡ್ದ್, ಸರ್."

"ಭಲೇ! ಹೇಗೆ ಹೇಳುತ್ತಿ?"

"ಒಬ್ರನ್ನ ಬಿಟ್ರೆ ಉಳ್ದವ್ರ ಪಾಲ್ ದೊಡ್ದ್ ಆತ್ತ್."

ಇಷ್ಟು ಚಂದದ ಉತ್ತರ ತಾನು ಯಾವ ಶಾಲೆಯಲ್ಲೂ ಕೇಳಿಲ್ಲವೆಂದು ಪ್ರೇಮಾನಂದ ಸರ್ ಸಂದರ್ಶನ ಪುಸ್ತಕ ತರಿಸಿಕೊಂಡರು. 'ಭಿನ್ನರಾಶಿ: ಮಕ್ಕಳಿಗೆ ಪೂರ್ತಿ ಅರ್ಥವಾಗಿದೆ' ಎಂದು ಬರೆದು, 'ಪೂರ್ತಿ' ಎಂಬುದರ ಅಡಿಗೆ ಎರಡು ಗೆರೆ ಎಳೆದರು.